ಅರ್ಧ ಇಂಚು ಹೆಚ್ಚಾದ ಹಳ್ಳಿ

ಅರ್ಜಿದಾರರ ಹೆಸರು ಓದಿದ ಕೂಡಲೇ ನನಗೆ ನೆನಪಾದದ್ದು ನನ್ನ ರವಿಕೆ. ಮಾಹಿತಿ ಹಕ್ಕಿನ ಅರ್ಜಿ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತು, ಕೆಳಗೆ ಬಸ್ ಸ್ಟ್ಯಾಂಡಿನ ಎದುರು ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ದರ್ಜಿಯ ಸಹಿ. ನಾದಿನಿಯ ಮಗಳ ಮದುವೆಗೆಂದು ನಾನು ರೇಷ್ಮೆ ರವಿಕೆಯ ಬಟ್ಟೆಯನ್ನು ಅವರಿಗೆ ಕೊಟ್ಟು ಬಹಳ ಕಾಲವಾಗಿತ್ತು. ಹೋಗಿ ಕೇಳಿದಾಗಲೆಲ್ಲ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ "ನಾಳೆ ಬನ್ನಿ ಮೇಡಂ" ಎನ್ನುತ್ತಿದ್ದರು. ಈಗ ಅದೇ ಮನುಷ್ಯ ನನ್ನಿಂದ ಒಂದು ವಸ್ತು ಕೇಳುತ್ತಿದ್ದಾರೆ. ಮೂವತ್ತು ದಿನದೊಳಗೆ ಕೊಡದಿದ್ದರೆ ನನಗೆ ದಂಡ. ಇಷ್ಟು ಒಳ್ಳೆಯ ಕಾನೂನು ರವಿಕೆಗೆ ಅನ್ವಯಿಸುವುದಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರೂ ತಾಲ್ಲೂಕಿನ ಸರ್ವೆ ಕಚೇರಿಗಳಲ್ಲಿ ಕೂತು ಎದ್ದವಳು ನಾನು. ಇದು ನಡೆದದ್ದು ಯಾವುದರಲ್ಲಿ ಎಂದು ಹೇಳುವುದಿಲ್ಲ. ಒಳಗಿನವರಿಗೆ ಗೊತ್ತೇ ಇದೆ, ಹೊರಗಿನವರಿಗೆ ಯಾವುದಾದರೇನು? ನಾನಲ್ಲಿ ಸೂಪರ್‌ವೈಸರ್. ಮಾಹಿತಿ ಅಧಿಕಾರಿಯ ಕುರ್ಚಿ ಖಾಲಿಯಿದ್ದುದರಿಂದ ಆ ಹೊರೆಯೂ ನನ್ನ ತಲೆಗೇ ಬಿದ್ದಿತ್ತು.

ದರ್ಜಿ ಕೇಳಿದ್ದು ತಮ್ಮ ಊರಿನ ಗ್ರಾಮ ನಕ್ಷೆಯ ಪೂರ್ತಿ ನಕಲು, ಕಚೇರಿಯ ಮೊಹರು ಸಹಿತ. ಊರಿನ ಹೆಸರು ಕಿರುಗೋಡು ಎಂದಿಟ್ಟುಕೊಳ್ಳಿ. ಅರ್ಜಿ ಕೊಟ್ಟ ಮರುದಿನ ಅವರೇ ಬಂದು ನನ್ನ ಮೇಜಿನ ಮುಂದೆ ನಿಂತರು. ಅಂಗಡಿಯಲ್ಲಿ ನಾನು ಅವರ ಮುಂದೆ ನಿಲ್ಲುತ್ತಿದ್ದ ಹಾಗೆಯೇ ನಿಂತಿದ್ದರಿಂದ ನನಗೆ ಒಳಗೊಳಗೇ ಸ್ವಲ್ಪ ಖುಷಿಯಾಯಿತು. ಅವರು ವಿಷಯ ಹೇಳಿದ ಮೇಲೆ ಆ ಖುಷಿ ಉಳಿಯಲಿಲ್ಲ.

ಟಾರು ರಸ್ತೆಯಿಂದ ಅವರ ಮನೆಗೂ ಪಕ್ಕದ ಮೂರು ಮನೆಗಳಿಗೂ ಒಂದೇ ದಾರಿ. ಮುಂಭಾಗದ ಜಾಗ ಕೊಂಡ ಯಜಮಾನರೊಬ್ಬರು ಆ ದಾರಿ ತಮ್ಮ ಖಾಸಗಿ ಸ್ವತ್ತೆಂದು ಗೇಟು ಹಾಕಿ ಬೀಗ ಜಡಿದಿದ್ದರು. ದರ್ಜಿಯ ಅಕ್ಕನಿಗೆ ಸೊಂಟದ ಆಪರೇಷನ್ ಆಗಿತ್ತು. ವಾರವಾರ ಆಸ್ಪತ್ರೆಗೆ ಹೋಗಿ ವ್ಯಾಯಾಮ ಮಾಡಿಸಿಕೊಳ್ಳದಿದ್ದರೆ ಕಾಲು ಹಾಗೆಯೇ ಸೆಟೆದುಕೊಳ್ಳುತ್ತದೆಂದು ಡಾಕ್ಟರು ಹೇಳಿದ್ದರು. ಗೇಟು ಹಾಕುವವರೆಗೆ ಆಟೋ ಬಾಗಿಲಿಗೇ ಬರುತ್ತಿತ್ತು. ಆಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಗದ್ದೆ ಅಂಚಿನ ಮೇಲೆ ನಾಲ್ಕು ಜನ ಹೊತ್ತುಕೊಂಡು ಹೋಗಬೇಕು. ಒಂದು ಸಲ ಹಾಗೆ ಹೋಗಿ ಬಂದ ಅಕ್ಕ ಇನ್ನು ಬರುವುದಿಲ್ಲ ಎಂದುಬಿಟ್ಟಿದ್ದರು.

"ನಾಲ್ಕು ಜನ ಹೊತ್ಕೊಂಡು ಹೋಗೋದು ಒಂದೇ ಸಲ ಸಾಕು, ಅದಕ್ಕೆ ಇನ್ನೂ ಟೈಮಿದೆ ಅಂತಾಳೆ ನಮ್ಮ ಆಪಾ," ಎಂದು ದರ್ಜಿ ನಕ್ಕರು. ನಗುವ ಮುಖ ಆಗಿರಲಿಲ್ಲ ಅದು.

ತಹಶೀಲ್ದಾರರ ಮುಂದೆ ದೂರು ಹೋಗಿತ್ತು. ಗೇಟಿನ ಯಜಮಾನರ ವಕೀಲರು ನಕ್ಷೆಯಲ್ಲಿ ಅಂಥ ದಾರಿಯೇ ಇಲ್ಲ ಎಂದಿದ್ದರು. ದರ್ಜಿ ಮೊದಲ ಸಲ ನಕ್ಷೆಯ ಹಳೆಯ ಕೈನಕಲಿನ ಒಂದು ತುಂಡಿನ ಜೆರಾಕ್ಸ್ ಹಾಜರುಪಡಿಸಿದಾಗ, ಇದು ಯಾವ ಊರಿನ ತುಂಡೆಂದು ಏನು ಖಾತ್ರಿ ಎಂದು ಅದೇ ವಕೀಲರು ಎತ್ತಿ ಪಕ್ಕಕ್ಕಿಟ್ಟಿದ್ದರು. ಹಾಗಾಗಿ ಮುಂದಿನ ವಿಚಾರಣೆಗೆ ಪೂರ್ತಿ ನಕ್ಷೆಯೇ ಬೇಕು. ದಾರಿ ನಕ್ಷೆಯಲ್ಲಿ ಇದೆ ಎನ್ನುವುದು ಕಿರುಗೋಡಿನ ದನಗಳಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ರೆಕಾರ್ಡ್ ರೂಮಿನ ಮಾಡದಲ್ಲಿ ಸುರುಳಿ ಸುತ್ತಿ ಇಟ್ಟಿದ್ದ ಆ ನಕ್ಷೆಯಲ್ಲಿ ಕೆಂಪು ಚುಕ್ಕಿ ಗೆರೆಯಾಗಿ ಅದು ತಣ್ಣಗೆ ಮಲಗಿತ್ತು.

ಈಗ ಗ್ರಾಮ ನಕ್ಷೆಗಳೆಲ್ಲ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವಲ್ಲ ಎಂದು ನೀವು ಕೇಳಬಹುದು. ನಾನೂ ಅದನ್ನೇ ಹೇಳಿ ಕೈ ತೊಳೆದುಕೊಳ್ಳೋಣವೆಂದು ಕಂಪ್ಯೂಟರಿನಲ್ಲಿ ತೆಗೆದು ನೋಡಿದೆ. ಕಿರುಗೋಡು ಇತ್ತು. ಆದರೆ ಸ್ಕ್ಯಾನ್ ಮಾಡಿದವರು ಯಾರೋ ಮಹಾನುಭಾವರು ನಕ್ಷೆಯ ಒಂದು ಮೂಲೆ ಮಡಚಿಕೊಂಡಿದ್ದನ್ನು ಬಿಡಿಸದೆ ಹಾಗೆಯೇ ಹಾಕಿದ್ದರು. ದಾರಿ, ನಾಲ್ಕು ಮನೆ, ಒಂದು ಕೆರೆ, ಎಲ್ಲವೂ ಆ ಮಡಿಕೆಯೊಳಗೆ ಹೋಗಿದ್ದವು. ಗೇಟಿನ ಯಜಮಾನರ ವಕೀಲರು ನೋಡಿದ್ದು ಇದನ್ನೇ ಎಂದು ಆಮೇಲೆ ತಿಳಿಯಿತು.

ಸರಿ, ಮೂಲ ನಕ್ಷೆಯದೇ ನಕಲು ಕೊಡಬೇಕು. ಕೊಡುವ ಮೊದಲು ಅರ್ಜಿದಾರರಿಗೆ ಶುಲ್ಕ ಎಷ್ಟೆಂದು ತಿಳಿಸಬೇಕು. ಮಾಮೂಲಿ ಹಾಳೆಯಾದರೆ ಪುಟಕ್ಕೆ ಎರಡು ರೂಪಾಯಿ, ತಲೆನೋವಿಲ್ಲ. ನಕ್ಷೆಯಾದರೆ ತಗಲುವ ಶ್ರಮ ಮತ್ತು ಸಾಮಗ್ರಿ ನೋಡಿಕೊಂಡು ಮಾಹಿತಿ ಅಧಿಕಾರಿಯೇ ಸೂಕ್ತ ಶುಲ್ಕ ನಿಗದಿ ಮಾಡತಕ್ಕದ್ದು ಎಂದು ನಿಯಮ. ಅಂದರೆ ನಾನು. ಇಪ್ಪತ್ತು ವರ್ಷ ನೆಲ ಅಳೆದಿದ್ದೇನೆ, ಒಂದು ಊರಿಗೆ ಬೆಲೆ ಕಟ್ಟಿದವಳಲ್ಲ. ಮೇಲಧಿಕಾರಿಗಳನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, ಕಡಿಮೆ ಹಾಕಿದರೆ ಸರ್ಕಾರಕ್ಕೆ ನಷ್ಟವಾಯಿತೆಂದು ಆಡಿಟ್ಟಿನವರು ಬರೆಯುತ್ತಾರೆ, ಜಾಸ್ತಿ ಹಾಕಿದರೆ ಅರ್ಜಿದಾರರು ಮೇಲ್ಮನವಿ ಹಾಕುತ್ತಾರೆ, ಆದ್ದರಿಂದ ಸರಿಯಾದದ್ದನ್ನು ಹಾಕಿ ಎಂದರು. ಅವರು ಯಾವಾಗಲೂ ಹೀಗೆ ಸಹಾಯ ಮಾಡುತ್ತಾರೆ.

ಹಿಂದೆ ನಕ್ಷೆಯನ್ನು ಕೈಯಲ್ಲಿ ನಕಲು ತೆಗೆಯಲೆಂದೇ ಒಬ್ಬ ಟ್ರೇಸರ್ ಇರುತ್ತಿದ್ದರು. ಅವರು ನಿವೃತ್ತರಾದ ಮೇಲೆ ಹುದ್ದೆ ಖಾಲಿ. ಇಲ್ಲದ ಮನುಷ್ಯನ ಶ್ರಮಕ್ಕೆ ಎಷ್ಟೆಂದು ಹಾಕುವುದು? ಇಷ್ಟು ದೊಡ್ಡ ನಕ್ಷೆಯನ್ನು ಒಂದೇ ಏಟಿಗೆ ನಕಲು ಮಾಡುವ ಯಂತ್ರ ಇರುವುದು ಶಿವಮೊಗ್ಗದಲ್ಲಿ. ಆದರೆ ಮೂಲ ನಕ್ಷೆ ಕಚೇರಿಯ ಹೊಸ್ತಿಲು ದಾಟುವಂತಿಲ್ಲ. ನಕ್ಷೆ ಯಂತ್ರದ ಹತ್ತಿರ ಹೋಗಲಾರದು, ಯಂತ್ರ ಶಿವಮೊಗ್ಗ ಬಿಟ್ಟು ಬರಲಾರದು. ದರ ತಿಳಿಸಿ ಎಂದು ಮೇಲಿನ ಕಚೇರಿಗೆ ಪತ್ರ ಬರೆದೆ. ಉತ್ತರ ಬಂದದ್ದೇ ಒಂದು ಆಶ್ಚರ್ಯ. ನಕಲಿನ ವೆಚ್ಚ ಅಂದಾಜಿಸಬೇಕಾದ್ದರಿಂದ ಸದರಿ ನಕ್ಷೆಯ ಒಂದು ನಕಲನ್ನು ಕೂಡಲೇ ಕಳುಹಿಸಿಕೊಡುವುದು ಎಂದು ಬರೆದಿದ್ದರು. ಅದನ್ನು ಓದಿ ನಮ್ಮ ಅಟೆಂಡರ್, ನಿವೃತ್ತಿಯ ಅಂಚಿನಲ್ಲಿದ್ದ ಮನುಷ್ಯ, ರೆಕಾರ್ಡ್ ರೂಮಿಗೆ ಹೋಗಿ ಒಬ್ಬರೇ ನಕ್ಕು ಬಂದರು.

ಆಗ ಹೊಳೆದದ್ದು ಜೆರಾಕ್ಸ್ ಯಂತ್ರವನ್ನೇ ಇಲ್ಲಿಗೆ ತರಿಸುವ ಉಪಾಯ. ಕೊಪ್ಪದ ಒಬ್ಬ ಅಂಗಡಿಯವರು ಒಪ್ಪಿದರು. ಗೂಡ್ಸ್ ಆಟೋದಲ್ಲಿ ಹಾಸಿಗೆ ಸುತ್ತಿಕೊಂಡು ಯಂತ್ರ ಬಂತು. ಮೂರು ಜನ ಹೊತ್ತು ಮೆಟ್ಟಿಲು ಹತ್ತಿಸಿ ನನ್ನ ಮೇಜಿನ ಪಕ್ಕ ಇಟ್ಟರು. ಸ್ವಿಚ್ ಹಾಕಿದ ಕೂಡಲೇ ಇಡೀ ಕಚೇರಿಯ ಕರೆಂಟು ಹೋಯಿತು. ಹೊರಗೆ ಜಮೀನು ಮಾರಲು ಬೇಕಾದ ಹನ್ನೊಂದು-ಇ ನಕ್ಷೆಗೆ ಬೆಳಗಿನಿಂದ ಕಾದು ಕೂತಿದ್ದವರು ಎದ್ದು ನಿಂತು ನಮ್ಮ ಕಚೇರಿಯ ಬಗ್ಗೆ ತಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಲೈನ್‌ಮ್ಯಾನ್ ಬಂದು ಫ್ಯೂಸ್ ಕಟ್ಟಿದ ಮೇಲೆ ನಕ್ಷೆಯನ್ನು ತುಂಡು ತುಂಡಾಗಿ ಗಾಜಿನ ಮೇಲೆ ಇಟ್ಟು ತೆಗೆದರು. ಹಳ್ಳ ಬಂತು, ಗಡಿ ಬಂತು, ಸರ್ವೆ ನಂಬರುಗಳು ಬಂದವು. ಮಾಸಿದ ಕೆಂಪು ಶಾಯಿಯ ಚುಕ್ಕಿ ಗೆರೆ ಮಾತ್ರ ಬರಲಿಲ್ಲ. ಜೆರಾಕ್ಸಿನವರು, "ಎಂತ ಮಾಡದು ಮೇಡಂ, ಈ ಮಿಷನ್ನಿಗೂ ಆ ಗೇಟಿನವರು ಏನೋ ಕೊಟ್ಟಿರಬೇಕು ಮಾರಾಯ್ರೆ" ಎಂದು ಯಂತ್ರವನ್ನು ಮತ್ತೆ ಹಾಸಿಗೆಯಲ್ಲಿ ಸುತ್ತಿಕೊಂಡು ಹೋದರು. ಆಟೋ ಬಾಡಿಗೆ ನಾನು ಕೊಟ್ಟೆ. ಅದನ್ನು ಯಾವ ಲೆಕ್ಕಶೀರ್ಷಿಕೆಗೆ ಹಾಕುವುದೆಂದು ಕೇಳಿದಾಗ ಮೇಲಧಿಕಾರಿಗಳು ಮತ್ತೆ ಕನ್ನಡಕ ಒರೆಸಿದರು.

ಇಷ್ಟರಲ್ಲಿ ದರ್ಜಿ ಎರಡು ಮೂರು ಸಲ ಬಂದು ಹೋಗಿದ್ದರು. ಪ್ರತಿ ಸಲವೂ ನನ್ನ ಬಾಯಿಂದ ಬಂದದ್ದು "ನಾಳೆ ಬನ್ನಿ." ಹೇಳುವಾಗ ನನಗೇ ನಾಚಿಕೆಯಾಗುತ್ತಿತ್ತು. ಅವರು ಒಂದು ದಿನವೂ ರವಿಕೆಯ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ, ಎತ್ತಿದರೆ ನಕ್ಷೆಗೆ ಲಂಚವಾಗಿ ರವಿಕೆ ಕೇಳಿದ ಹಾಗಾಗುತ್ತದೆ. ಬೇರೆ ಕಡೆ ಹೊಲಿಸೋಣವೆಂದರೆ ಬಟ್ಟೆ ಅವರ ಹತ್ತಿರವೇ ಇದೆ. ಮದುವೆ ಹತ್ತಿರ ಬರುತ್ತಿತ್ತು, ವಿಚಾರಣೆ ಅದಕ್ಕಿಂತ ಹತ್ತಿರವಿತ್ತು.

ಶುಲ್ಕದ ಚಿಂತೆಯಲ್ಲೇ ಒಂದು ದಿನ ಅವರನ್ನು ಕೇಳಿದೆ, ಶ್ರಮ ಮತ್ತು ಸಾಮಗ್ರಿ ಎರಡನ್ನೂ ಸೇರಿಸಿ ನೀವು ಹೇಗೆ ರೇಟು ಹಾಕುತ್ತೀರಿ ಎಂದು. ಮುಖ ನೋಡಿ ಹಾಕುತ್ತೇನೆ ಎಂದರು. ಆ ಪದ್ಧತಿಗೆ ನಮ್ಮ ನಿಯಮದಲ್ಲಿ ಜಾಗವಿರಲಿಲ್ಲ.

ಕೊನೆಗೆ ನನಗೆ ಉಳಿದಿದ್ದು ಒಂದೇ ದಾರಿ. ನಕಲು ಕೊಡಲಾಗದಿದ್ದರೂ ನಕ್ಷೆಯನ್ನು ತೋರಿಸಬಹುದು. ಕಡತ ಪರಿಶೀಲನೆಗೆ ಮೊದಲ ಒಂದು ಗಂಟೆ ಪುಕ್ಕಟೆ, ಆಮೇಲೆ ಅರ್ಧ ಗಂಟೆಗೊಮ್ಮೆ ಶುಲ್ಕ. ಬಂದು ನೋಡಿಕೊಂಡು ಹೋಗಿ ಎಂದೆ.

"ನೋಡಿ ಬರ್ಕೊಬಹುದಾ ಮೇಡಂ?"

"ಬರ್ಕೊಬಹುದು."

"ಬಟ್ಟೆ ಮೇಲೆ ಬರ್ಕೊಂಡ್ರೆ?"

ನಾನು ಕಾನೂನಿನ ಪುಸ್ತಕ ತೆಗೆದೆ. ದಾಖಲೆಯಿಂದ ಟಿಪ್ಪಣಿ ಮಾಡಿಕೊಳ್ಳುವ ಹಕ್ಕು ಅರ್ಜಿದಾರರಿಗೆ ಇದೆ ಎಂದಿತ್ತು. ಟಿಪ್ಪಣಿಯನ್ನು ಕಾಗದದ ಮೇಲೆಯೇ ಮಾಡಬೇಕೆಂದು ಎಲ್ಲೂ ಇರಲಿಲ್ಲ. ಹಾಗೆ ಮಾಡಿಕೊಂಡ ಟಿಪ್ಪಣಿ ಮೂಲಕ್ಕೆ ತಾಳೆಯಾದರೆ ನಾನು ದೃಢೀಕರಿಸಬಾರದೆಂದೂ ಇರಲಿಲ್ಲ. ಆ ಕ್ಷಣ ನನಗೆ ತಲೆಯೊಳಗಿನ ಫ್ಯೂಸ್ ಯಾರೋ ಸರಿಯಾಗಿ ಕಟ್ಟಿದ ಹಾಗಾಯಿತು. ಕಡತ ಎಳೆದುಕೊಂಡು ಬರೆದೆ: ಶ್ರಮ, ಅರ್ಜಿದಾರರದು. ಸಾಮಗ್ರಿ, ಅರ್ಜಿದಾರರದು. ಆದ್ದರಿಂದ ಶುಲ್ಕ ಇಲ್ಲ. ಕೆಳಗೆ ಸಹಿ ಹಾಕಿದೆ. ಮೇಲಧಿಕಾರಿಗಳು ಅದನ್ನು ಎರಡು ಸಲ ಓದಿ, ಇದರಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕಲು ಸಾಧ್ಯವಾಗುತ್ತಿಲ್ಲ, ಆದರೆ ಇರಲೇಬೇಕು ಎಂದರು.

ಮರುದಿನ ದರ್ಜಿ ತೆಳ್ಳನೆಯ ಬಿಳಿ ಲೈನಿಂಗ್ ಬಟ್ಟೆ, ಪೆನ್ಸಿಲು, ಸೀಮೆಸುಣ್ಣ, ಕತ್ತರಿ ಹಿಡಿದು ಬಂದರು. ಕತ್ತರಿಯನ್ನು ಅಟೆಂಡರ್ ಬಾಗಿಲಲ್ಲೇ ಕಿತ್ತಿಟ್ಟುಕೊಂಡರು. ಎರಡು ಮೇಜು ಜೋಡಿಸಿ ನಕ್ಷೆ ಹಾಸಿ, ಅದರ ಮೇಲೆ ಬಟ್ಟೆ ಹರಡಿ, ನಾಲ್ಕು ಮೂಲೆಗೂ ನಮ್ಮ ಹಳೆಯ ಕಡತಗಳ ಕಟ್ಟು ಹೇರಿದೆವು. ಆ ಕಡತಗಳಿಂದ ಸರ್ಕಾರಕ್ಕೆ ಅಂದು ಮೊದಲ ಸಲ ಉಪಯೋಗವಾಯಿತು. ಗೆರೆಗಳೆಲ್ಲ ಬಟ್ಟೆಯೊಳಗಿಂದ ಚೆನ್ನಾಗಿ ಕಾಣುತ್ತಿದ್ದವು, ಕೆಂಪು ಚುಕ್ಕಿಗಳೂ ಕೂಡ. ಅಟೆಂಡರ್ ಗೋಡೆ ಗಡಿಯಾರದ ಕೆಳಗೆ ನಿಂತು ಆಗಾಗ ಸಮಯ ಕೂಗಿ ಹೇಳಿದರು. ದರ್ಜಿ ಮೊದಲು ದಾರಿ ಎಳೆದರು, ಆಮೇಲೆ ರಸ್ತೆ, ಹಳ್ಳ, ಕೆರೆ, ಸರ್ವೆ ನಂಬರಿನ ಗೆರೆಗಳು, ಕೊನೆಗೆ ಸೀಮೆಸುಣ್ಣದಲ್ಲಿ ಊರಿನ ಗಡಿ. ಗಂಟೆ ಮುಗಿಯುವ ಮುಂಚೆ ಕೈ ಎತ್ತಿದರು. ಇಷ್ಟು ಬೇಗ ಕೆಲಸ ಮಾಡಬಲ್ಲ ಮನುಷ್ಯ ನನ್ನ ರವಿಕೆಯನ್ನು ಏನು ಮಾಡುತ್ತಿದ್ದಾರೆ ಎಂದು ಕೇಳುವ ಆಸೆಯನ್ನು ಕಷ್ಟಪಟ್ಟು ನುಂಗಿಕೊಂಡೆ. ಪೆನ್ಸಿಲ್ ಗೆರೆಗಳಿಗೆ ಶಾಯಿ ಹಾಕಿ, ಅಂದವಾಗಿ ಕತ್ತರಿಸಿ ತರುತ್ತೇನೆಂದು ಅವರು ಬಟ್ಟೆ ಮಡಚಿಕೊಂಡು ಹೋದರು.

ತಂದದ್ದು ವಿಚಾರಣೆಯ ಹಿಂದಿನ ದಿನ ಮಧ್ಯಾಹ್ನ. ತಾಳೆ ನೋಡಲು ಮೂಲ ನಕ್ಷೆಯ ಮೇಲೆ ಹಾಸಿದೆ. ಕಿರುಗೋಡು ತನ್ನ ಗಡಿ ದಾಟಿ ನಾಲ್ಕೂ ಕಡೆ ಅರ್ಧ ಇಂಚು ಹರಡಿಕೊಂಡಿತ್ತು. ಪಕ್ಕದ ಊರಿನ ಸ್ಮಶಾನ ಒಳಗೆ ಬಂದಿತ್ತು, ಹೊಳೆಯ ಆಚೆ ದಡ ಬಂದಿತ್ತು, ಪಡುವಣ ಗುಡ್ಡದ ಮೀಸಲು ಅರಣ್ಯವಂತೂ ಉದ್ದಕ್ಕೂ ಬಂದಿತ್ತು. ಆ ನಕ್ಷೆಯಲ್ಲಿ ಅರ್ಧ ಇಂಚು ಎಂದರೆ ನೆಲದ ಮೇಲೆ ಮುನ್ನೂರು ಅಡಿಗೂ ಹೆಚ್ಚು. ನಮ್ಮ ಸೀಮೆಯಲ್ಲಿ ಅರಣ್ಯ ಒತ್ತುವರಿ ಮಾಡಿದವರು ಬೇಕಾದಷ್ಟು ಜನ ಇದ್ದಾರೆ, ಆದರೆ ಇಷ್ಟು ದೊಡ್ಡದನ್ನು ಸೀಮೆಸುಣ್ಣದಲ್ಲಿ ಮಾಡಿದವರು ಇವರೊಬ್ಬರೇ ಇರಬೇಕು.

"ಟೈಲರ್ರೆ, ಇದೆಂತ ಮಾಡಿದ್ರಿ? ಊರು ದೊಡ್ಡದಾಗಿದೆಯಲ್ಲ."

"ಸುತ್ತ ಅರ್ಧ ಇಂಚು ಒಳಗೆ ಬಟ್ಟೆ ಬಿಟ್ಟಿದ್ದೀನಿ ಮೇಡಂ."

"ಎಂತಕ್ಕೆ ಬಿಟ್ರಿ?"

"ಬಿಡದೆ ಹೆಂಗೆ ಕತ್ತರಿಸೋದು? ನಾಳೆ ಬಿಗಿಯಾದ್ರೆ?"

ಊರು ಬಿಗಿಯಾಗುವುದನ್ನು ನಾನು ನನ್ನ ಇಡೀ ಸರ್ವಿಸಿನಲ್ಲಿ ಕೇಳಿರಲಿಲ್ಲ. ಸಿಟ್ಟು ನೆತ್ತಿಗೇರಿತು. ಇದು ರವಿಕೆಯಲ್ಲ, ಸರ್ಕಾರಿ ದಾಖಲೆ, ಅಳತೆ ಎಷ್ಟಿದೆಯೋ ಅಷ್ಟೇ ಇರಬೇಕು, ಒಂದು ನೂಲೂ ಹೆಚ್ಚು ಬಿಡುವಂತಿಲ್ಲ ಎಂದು ಹೊರಗಿನವರಿಗೂ ಕೇಳಿಸುವ ಹಾಗೆ ಬೈದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ತಿರುಗಿ ಪರಿಶೀಲನೆಗೆ ಅರ್ಜಿ ಹಾಕಿದರೆ ಮೇಲಧಿಕಾರಿಗಳ ಸಹಿ ಬೇಕು, ಅವರು ಮೀಟಿಂಗಿಗೆಂದು ಚಿಕ್ಕಮಗಳೂರಿಗೆ ಹೋಗಿದ್ದರು. ನಾಳೆ ಬೆಳಿಗ್ಗೆ ವಿಚಾರಣೆ.

"ನಾಳೆ ಗೇಟು ತೆಗೀತಾರೆ ಅಂತ ಆಪಾಗೆ ಹೇಳಿ ಬಂದಿದ್ದೀನಿ ಮೇಡಂ. ಅವಳು ಚಪ್ಪಲಿ ತೊಳೆಸಿ ಇಟ್ಕೊಂಡಿದಾಳೆ."

ಅದನ್ನು ಕೇಳಿ ನನಗೆ ಸಂಕಟವಾಯಿತು. ಬೈದದ್ದು ಜಾಸ್ತಿಯಾಯಿತು ಅನ್ನಿಸಿತು. ಏನು ಮಾಡುವುದೆಂದು ತೋಚದೆ ಬಟ್ಟೆಯನ್ನೇ ನೋಡುತ್ತ ಕೂತೆ. ನೋಡನೋಡುತ್ತ ಒಂದು ಸಂಗತಿ ಕಣ್ಣಿಗೆ ಬಿತ್ತು. ಒಳಗಿನ ಸರ್ವೆ ನಂಬರಿನ ಗೆರೆಗಳನ್ನು ಅವರು ಇದ್ದ ಹಾಗೆಯೇ ಎಳೆದಿದ್ದರು. ಅವೆಲ್ಲ ಹೊರಗಿನ ಅಂಚನ್ನು ಮುಟ್ಟದೆ ಒಂದೇ ಸಮನಾಗಿ ಅರ್ಧ ಇಂಚು ಹಿಂದೆಯೇ ನಿಂತಿದ್ದವು. ಗಡಿಯ ಗೆರೆಯನ್ನು ಮಾತ್ರ ಬಟ್ಟೆ ಬಿಟ್ಟು ಆಚೆ ಎಳೆದಿದ್ದರು, ನಿಜವಾದ ಗಡಿ ಅಲ್ಲೇ ಇತ್ತು, ಗೆರೆಯಿಲ್ಲದೆ. ಅಂಚು ಹಿಡಿದು ಮಡಚಿದೆ. ದರ್ಜಿಯೂ ಆಚೆ ಬದಿಯಿಂದ ಮಡಚಿದರು. ಮೀಸಲು ಅರಣ್ಯ ಬಟ್ಟೆಯ ಹಿಂಬದಿಗೆ ಹೋಯಿತು, ಸ್ಮಶಾನ ಪಕ್ಕದ ಊರಿಗೆ ವಾಪಸಾಯಿತು. ಇಬ್ಬರೂ ಮುಖ ಮುಖ ನೋಡಿಕೊಂಡೆವು.

ಆಮೇಲೆ ಅಟೆಂಡರ್ ಕಚೇರಿಯ ದೊಡ್ಡ ಸ್ಕೇಲು ತಂದರು. ನಾನು ಡಿವೈಡರ್ ಹಿಡಿದು ಗಡಿಕಲ್ಲಿಂದ ಗಡಿಕಲ್ಲಿಗೆ ಅಳೆದು ಗುಂಡುಸೂಜಿ ಚುಚ್ಚುತ್ತ ಹೋದೆ. ದರ್ಜಿ ನನ್ನ ಹಿಂದೆಯೇ ಸೂಜಿ ನೂಲಿನಲ್ಲಿ ಹೊಲಿಯುತ್ತ ಬಂದರು. ಗಡಿ ತಿರುಗುವ ಕಡೆ ಮಡಿಕೆ ಸುಕ್ಕುಗಟ್ಟದಂತೆ ಕತ್ತರಿಯಿಂದ ಸಣ್ಣ ಕಚ್ಚು ಕೊಟ್ಟರು. ಹೊಳೆಯ ಹತ್ತಿರ ಎರಡು ಸಲ ತಪ್ಪಿತು, ಎರಡು ಸಲವೂ ಬಿಚ್ಚಿಸಿದೆ. ಕೆಲಸಕ್ಕೆಂದು ಬಂದವರು ಕಿಟಕಿಯಲ್ಲಿ ಇಣುಕಿ, ಮೇಡಂ ಸರ್ವೆ ಬಿಟ್ಟು ಕಸೂತಿ ಶುರು ಮಾಡಿದ್ದಾರೆಂದು ಮಾತಾಡಿಕೊಂಡರು. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಕಿರುಗೋಡು ತನ್ನ ಅಳತೆಗೆ ಬಂದಿತ್ತು. ಮೂಲದೊಂದಿಗೆ ತಾಳೆ ನೋಡಿದೆ, ಸರಿಯಿದೆ, ಅಂಚನ್ನು ಮಡಚಿ ಹೊಲಿಯಲಾಗಿದೆ ಎಂದು ಬರೆದು ಸಹಿ ಮಾಡಿದೆ. ಮೊಹರು ಒತ್ತಿದಾಗ ಶಾಯಿ ಬಟ್ಟೆಯಲ್ಲಿ ಇಷ್ಟಗಲ ಹರಡಿತು.

ಮರುದಿನ ನನ್ನನ್ನೂ ಕರೆಸಿದ್ದರು. ಗೇಟಿನ ಯಜಮಾನರ ವಕೀಲರು ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇದು ನಕ್ಷೆಯೋ ದಿಂಬಿನ ಚೀಲವೋ ಎಂದು ಕೇಳಿದರು. ಹೊಲಿಗೆಯೊಳಗೆ ಏನನ್ನೋ ಅಡಗಿಸಿದ್ದಾರೆ ಎಂದೂ ಆಕ್ಷೇಪಿಸಿದರು. ಅಡಗಿಸಿದ್ದು ನಿಜವೇ, ಮೀಸಲು ಅರಣ್ಯ ಒಳಗಿತ್ತು. ತಹಶೀಲ್ದಾರರು ಹೆಂಗಸು. ಅವರು ಹೊಲಿಗೆಯ ಮೇಲೆ ಬೆರಳಾಡಿಸಿ, ಹೆಮ್ಮಿಂಗ್ ಚೆನ್ನಾಗಿದೆ ಎಂದರು. ಆಮೇಲೆ ತಾಳೆ ನೋಡಲು ಮೂಲ ನಕ್ಷೆ ತರಿಸಿದರು. ಮೂಲವನ್ನೇ ತರಿಸಬಹುದಾಗಿದ್ದರೆ ಈ ಪಾಡೆಲ್ಲ ಯಾಕೆ ಬೇಕಿತ್ತು ಎಂದು ನಾನು ಅವರ ಗುಮಾಸ್ತರನ್ನು ಮೆಲ್ಲಗೆ ಕೇಳಿದೆ. ನಕಲು ಹಾಜರಾದರೆ ಮಾತ್ರ ಅದು ಸರಿಯೇ ಎಂದು ನೋಡಲು ಮೂಲ ತರಿಸಬಹುದು, ಸುಮ್ಮನೆ ತರಿಸಲು ಬರುವುದಿಲ್ಲ ಎಂದರು. ಅಟೆಂಡರ್ ನಕ್ಷೆಯನ್ನು ಮಗುವಿನಂತೆ ಎತ್ತಿಕೊಂಡು ಬಂದರು. ಬಟ್ಟೆಯನ್ನು ಅದರ ಮೇಲೆ ಹಾಸಿದರು. ಚುಕ್ಕಿಯ ಮೇಲೆ ಚುಕ್ಕಿ ಕೂತಿತು. ನಕಾಶೆ ಕಂಡ ದಾರಿ, ತೆರವು ಮಾಡಿ ಎಂದು ಆದೇಶವಾಯಿತು.

ಅದಾಗಿ ಸ್ವಲ್ಪ ದಿನಕ್ಕೆ, ನಾದಿನಿಯ ಮಗಳ ಮದುವೆಯ ಹಿಂದಿನ ದಿನ, ಕಚೇರಿಯ ಮುಂದೆ ಒಂದು ಆಟೋ ನಿಂತಿತು. ಕೋಲೂರಿಕೊಂಡು ಒಬ್ಬ ಹೆಂಗಸು ನಿಧಾನವಾಗಿ ಇಳಿದರು. ದರ್ಜಿಯ ಅಕ್ಕ. ಆಸ್ಪತ್ರೆಗೆ ಹೊರಟವರು, ದಾರಿಯಲ್ಲಿ ಇಳಿದಿದ್ದರು. ಮೆಟ್ಟಿಲನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿದರು. ನೋಡಿ ನನ್ನ ಕಣ್ಣಲ್ಲಿ ನೀರು ಬಂತು, ಅದನ್ನು ಯಾಕೆ ಮುಚ್ಚಿಡಲಿ. ಅವರು ಒಂದು ಪೊಟ್ಟಣವನ್ನು ನನ್ನ ಮೇಜಿನ ಮೇಲೆ ಇಟ್ಟರು.

"ನಿಮ್ಮ ರವಿಕೆ ಮೇಡಂ. ರಾತ್ರಿ ಕೂತು ಹೊಲಿದ. ನಂದು ಕೊಟ್ಟು ಒಂದು ವರ್ಷ ಆಯ್ತು, ಇನ್ನೂ ಕತ್ತರಿಸಿಲ್ಲ."

ನೀವು ದುಡ್ಡು ತೆಗೆದುಕೊಳ್ಳದಿದ್ದರೆ ಪೊಟ್ಟಣ ಮುಟ್ಟುವುದಿಲ್ಲ ಎಂದೆ. ರೇಟು ಎಷ್ಟೆಂದು ಕೇಳಿದೆ. ಅದು ಇನ್ನೂ ನಿಗದಿಯಾಗಿಲ್ಲ, ಆಮೇಲೆ ತಿಳಿಸುತ್ತೇನೆ ಅಂದಿದ್ದಾನೆ ಎಂದರು ಅಕ್ಕ, ಮುಖ ಗಂಭೀರವಾಗಿಟ್ಟುಕೊಂಡು. ಕೊನೆಗೆ 'ಶ್ರಮ ಮತ್ತು ಸಾಮಗ್ರಿ' ಎಂದು ನಾನೇ ಒಂದು ಲೆಕ್ಕ ಹಾಕಿ, ಅವರ ಕೈಗೆ ದುಡ್ಡು ಕೊಟ್ಟು, ಒಂದು ಚೀಟಿಗೆ ಸಹಿ ಹಾಕಿಸಿಕೊಂಡೆ. ಅವರು ಮತ್ತೆ ಕೋಲೂರಿಕೊಂಡು ಇಳಿದು ಆಟೋ ಹತ್ತಿದರು.

ಮನೆಗೆ ಹೋಗಿ ರವಿಕೆ ತೊಟ್ಟು ನೋಡಿದೆ. ಹೊಲಿಗೆ ಅಷ್ಟು ಚೆನ್ನಾಗಿತ್ತು, ತೋಳಿನ ಅಂಚು ಅಷ್ಟು ಚೆನ್ನಾಗಿತ್ತು, ಗುಂಡಿ ಮಾತ್ರ ಕೂಡುತ್ತಿರಲಿಲ್ಲ. ಅಳತೆ ಕೊಟ್ಟ ಮೇಲೆ ನಾನು ಸ್ವಲ್ಪ ದಪ್ಪಗಾಗಿದ್ದೆ. ಪರವಾಗಿಲ್ಲ, ಒಳಗೆ ಬಿಟ್ಟ ಬಟ್ಟೆಯನ್ನು ಬಿಚ್ಚಿದರಾಯಿತು ಎಂದು ತಿರುಗಿಸಿ ನೋಡಿದರೆ ಒಳಗೆ ಬಟ್ಟೆಯೇ ಇಲ್ಲ. ಕೂಡಲೇ ದರ್ಜಿಗೆ ಫೋನು ಮಾಡಿದೆ.

"ನೀವೇ ಹೇಳಿದ್ರಲ್ಲ ಮೇಡಂ," ಎಂದರು ಬಹಳ ವಿನಯದಿಂದ, "ಅಳತೆ ಎಷ್ಟಿದೆಯೋ ಅಷ್ಟೇ ಇರಬೇಕು, ಒಂದು ನೂಲೂ ಹೆಚ್ಚು ಬಿಡಬಾರ್ದು ಅಂತ."

ಮದುವೆಗೆ ಅದನ್ನೇ ತೊಟ್ಟು ಹೋದೆ, ಬೆನ್ನಿಗೆ ಎರಡು ಪಿನ್ನು ಹಾಕಿಕೊಂಡು. ಊಟಕ್ಕೆ ಕೂತಾಗ ಪಾಯಸದವರು ಎರಡನೇ ಸಲ ಬಂದರು. ನಾನು ಎಲೆಯ ಮೇಲೆ ಕೈ ಅಡ್ಡ ಹಿಡಿದೆ.